ಫ್ರೀ ವೀಸಾ ಎಂಬ ದುಬಾರಿ ವೀಸಾ

ಭಟ್ಕಳ, ಕುಂದಾಪುರ, ಮಂಗಳೂರು ಕಡೆ ‘ಹುಡುಗನಿಗೆ ಫ್ರೀ ವೀಸಾ ಸಿಕ್ಕಿತು’ ಎಂದರೆ ಪುಕ್ಕಟೆ ಸಿಕ್ಕಿತು ಎಂದಲ್ಲ. ಅಮ್ಮನ ಬಳೆ ಅದಾಗಲೇ ಬ್ಯಾಂಕಿನಲ್ಲಿ ಅಡವಿರುತ್ತದೆ. ಗಲ್ಫ್‌ಗೆ ಹೋದ ಮೇಲೆ ಯಾರ ಹತ್ತಿರ ಬೇಕಾದರೂ ದುಡಿಯಬಹುದು ಅನ್ನೋದೇ ಇಲ್ಲಿ ‘ಫ್ರೀ’. ಕಾನೂನಿನಲ್ಲಿ ಅಂಥ ವೀಸಾವೇ ಇಲ್ಲ!

1973ರಲ್ಲಿ ತೈಲದ ಬೆಲೆ ಏರತೊಡಗಿತು, ಗಲ್ಫ್‌ನಲ್ಲಿ ಕಟ್ಟಡಗಳು ಎದ್ದವು, ಕರಾವಳಿಯ ಹುಡುಗರು ಹೊರಟರು. ಆಗ ದಾರಿ ಬೊಂಬಾಯಿ ಮೇಲೆ. ಊರಿನವರ ರೂಮಿನಲ್ಲಿ ಒಂದು ಚಾಪೆ, ಮೆಡಿಕಲ್, ಪಾಸ್‌ಪೋರ್ಟಿಗೆ ವೀಸಾ ಸ್ಟ್ಯಾಂಪಿಂಗ್, ಮತ್ತೆ ಸುಮ್ನೆ ಕಾಯುವುದು. ಫೋನ್ ದುಬಾರಿಯಾದ್ದರಿಂದ ಮನೆಯವರು ಮಾತನ್ನು ಕ್ಯಾಸೆಟ್‌ಗೆ ತುಂಬಿ, ಹೋಗುವವರ ಕೈಲಿ ಕಳಿಸುತ್ತಿದ್ದರು. ಅಮ್ಮ ಅಳು ತಡೆದುಕೊಂಡು ‘ಊಟ ಸರಿ ಮಾಡು’ ಅನ್ನುವಾಗ ಹಿಂದಿನಿಂದ ಕೋಳಿ ಕೂಗುವುದೂ ಅದರಲ್ಲಿ ಸೇರಿಕೊಳ್ಳುತ್ತಿತ್ತು. ರಜೆಗೆ ಬರುವಾಗ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ಹೆಸರು. ಒಳಗೆ ಟ್ಯಾಂಗ್, ನಿಡೋ ಹಾಲಿನ ಪುಡಿ, ಕೊಡಲಿ ಮಾರ್ಕಿನ ನೋವಿನ ಎಣ್ಣೆ. ಪೆಟ್ಟಿಗೆ ಎಲ್ಲರಿಗೂ ಕಂಡಿತು, ಸಾಲ ಕಾಣಲಿಲ್ಲ.

1983ರಲ್ಲಿ ವಲಸೆ ಕಾಯ್ದೆ ಬಂತು. ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟರಿಗೆ ಲೈಸೆನ್ಸ್ ಕಡ್ಡಾಯವಾಯಿತು. ಈಗಿನ ನಿಯಮದಲ್ಲಿ ಅವರು 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅಷ್ಟಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಆದರೆ ಫ್ರೀ ವೀಸಾ ಕೊಡಿಸುವುದು ಏಜೆಂಟಲ್ಲ. ಭಾವ, ಪಕ್ಕದ ಮನೆಯವನು, ಅವನ ಗೆಳೆಯ. ರಸೀದಿ ಕೇಳೋಕಾಗುತ್ತಾ?

ಅಲ್ಲಿ ಇಳಿದ ಮೇಲೆ ಕಫೀಲನ, ಅಂದರೆ ವೀಸಾ ಯಾರ ಹೆಸರಲ್ಲಿ ಬಂದಿದೆಯೋ ಆ ಪ್ರಾಯೋಜಕನ ಲೆಕ್ಕ. ಇಕಾಮಾ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿ, ಅವನ ಹೆಸರಿಗೆ ಕಟ್ಟಿರುತ್ತದೆ. ಕೆಲಸ ಬೇರೆ ಕಡೆ ಮಾಡಿದರೂ ವರ್ಷ ವರ್ಷ ಅವನಿಗೆ ದುಡ್ಡು ಕೊಡಬೇಕು. ಸೌದಿಯಲ್ಲಿ ಅವನು ‘ಹುರೂಬ್’ ಹಾಕಿಸಿದರೆ, ಅಂದರೆ ಓಡಿಹೋದ ಎಂದು ದೂರು ಕೊಟ್ಟರೆ, ಹುಡುಗ ಅಲ್ಲಿ ಅಕ್ರಮವಾಗಿ ಇರುವವನಾಗಿಬಿಡಬಹುದು. 2011ರಲ್ಲಿ ಅಲ್ಲಿನ ಸರ್ಕಾರ ಸ್ಥಳೀಯರಿಗೆ ಕೆಲಸ ಕೊಡಿಸಲು ನಿತಾಕತ್ ಎಂಬ ನಿಯಮ ತಂದಿತು. 2013ರಲ್ಲಿ ತಪಾಸಣೆ ಬಿಗಿಯಾದಾಗ ಲಕ್ಷಕ್ಕೂ ಹೆಚ್ಚು ಭಾರತೀಯರು ವಾಪಸಾದರು. ಇಕಾಮಾ ಒಬ್ಬನದು, ಕೆಲಸ ಇನ್ನೊಬ್ಬನಲ್ಲಿ ಅಂತಿದ್ದವರಿಗೆ ಸಮಜಾಯಿಷಿ ಕೊಡಲು ದಾರಿಯೇ ಇರಲಿಲ್ಲ.

2020ರಲ್ಲಿ ಕತಾರ್ ಕೆಲಸ ಬದಲಿಸಲು ಮಾಲೀಕನ ಎನ್‌ಒಸಿ, ಅಂದರೆ ಒಪ್ಪಿಗೆ ಪತ್ರ, ಬೇಡ ಎಂದಿತು. 2021ರಲ್ಲಿ ಸೌದಿಯೂ ನಿಯಮ ಸಡಿಲಿಸಿತು. ಆದರೆ ಮನೆಗೆಲಸದವರು, ಮನೆ ಡ್ರೈವರ್‌ಗಳಂಥವರನ್ನು ಆ ಸುಧಾರಣೆಯಿಂದ ಹೊರಗಿಟ್ಟಿತು. ಫ್ರೀ ವೀಸಾದ ಕಾಗದದಲ್ಲಿ ಬಹಳ ಸಲ ಬರೆದಿರುವ ಕೆಲಸ ಯಾವುದು ಗೊತ್ತಾ? ಹೌಸ್ ಡ್ರೈವರ್.