‘ಕೆನರಾ’ ಎಂಬ ಚೀಟಿ ಮತ್ತು ಒಂದು ಕೊಂಬಿನ ಹುಳ

ಮಳೆ ಹಿಡಿದ ಎರಡನೇ ವಾರ, ಶಿರಸಿ ಸೀಮೆಯ ನಮ್ಮ ಮನೆಯ ಜಗುಲಿ ದೀಪಕ್ಕೆ ಕೊಂಬಿನ ಹುಳವೊಂದು ಬಂದು ದಪ್ಪನೆ ಬಿತ್ತು. ಹೆಬ್ಬೆರಳಿನಷ್ಟು ಉದ್ದ, ಮುಂದೆ ಇಕ್ಕಳದಂಥ ಎರಡು ದವಡೆ. ‘ಮುಟ್ಟಡ್ಯೋ ತಮಾ, ಕಚ್ಚತ್ತು’ ಎಂದರು ದೊಡ್ಡಪ್ಪ. ಗಂಡಿನ ಆ ಕೊಂಬು ಇರುವುದು ಕುಸ್ತಿಗೆ. ಹೊಟ್ಟೆಗೆ ಮರದ ರಸ ನೆಕ್ಕಿಕೊಂಡರೆ ಆಯಿತು. ಗಿಡ್ಡ ದವಡೆಯ ಹೆಣ್ಣೂ ಜೋರಾಗಿ ಕಚ್ಚುತ್ತದೆ. ‘ಹಂಗಾರೆ ಇದರ ಹೆಸ್ರೆಂತು?’ ಅಲ್ಲಿಗೆ ನನ್ನ ಪಾಂಡಿತ್ಯ ಮುಗಿಯಿತು.

ಈ ಹುಳಗಳ ಹೆಸರಿನ ಗೋಜಲು ಹಳೆಯದು. ಜೀವಿಗಳಿಗೆ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಯುರೋಪಿನ ಕೊಂಬಿನ ಹುಳವನ್ನು ‘ಸೆರ್ವಸ್’, ಅಂದರೆ ಸಾರಂಗ ಎಂದು ಕರೆದ. ಅದರದೇ ಸಣ್ಣ ಗಂಡುಗಳನ್ನು ಕಂಡವರು ‘ಕ್ಯಾಪ್ರಿಯೋಲಸ್’, ಅಂದರೆ ಚಿಕ್ಕ ಜಿಂಕೆ ಎಂದು ಬೇರೆ ಹೆಸರಿಟ್ಟರು. ತಪ್ಪು ಹೆಸರಿಟ್ಟವರದ್ದಲ್ಲ, ಹುಳದ್ದು ಎನ್ನಬೇಕು. ಮರಿಹುಳ ಕೊಳೆತ ಮರದೊಳಗೇ ಬೆಳೆಯುತ್ತದೆ. ಬೆಟ್ಟದಲ್ಲಿ ಒಳ್ಳೆಯ ಲಡ್ಡು ಕುಂಟೆ, ಅಂದರೆ ಕೊಳೆತ ದಿಮ್ಮಿ, ಸಿಕ್ಕಿದ್ದು ಮೈತುಂಬಿ ಬರುತ್ತದೆ, ಒಣಕಲು ಸಿಕ್ಕಿದ್ದು ಗುಜ್ಜಾರಿಯಾಗುತ್ತದೆ. ಮೈ ತುಸು ಹಿಗ್ಗಿದರೆ ಕೊಂಬು ಅದಕ್ಕಿಂತ ಹೆಚ್ಚು ಹಿಗ್ಗುವಂಥ ಜಾತಿ ಇದು. ದೊಡ್ಡ ಗಂಡಿಗೆ ಕವಲು ಕೊಂಬು, ಸಣ್ಣದಕ್ಕೆ ಬರೀ ಗರಗಸದ ಹಲ್ಲು, ಹೆಣ್ಣಿನ ರೂಪವೇ ಬೇರೆ. ಮೂರನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿ ನೋಡಿದವನು ಮೂರು ಹೆಸರು ಇಟ್ಟರೆ ಆಶ್ಚರ್ಯವೇನು?

ನಮ್ಮ ಘಟ್ಟದ ಹುಳಗಳಿಗೂ ಹೆಸರು ಬಂದದ್ದು ಪೆಟ್ಟಿಗೆಯಲ್ಲಿ ಹಡಗು ಹತ್ತಿದ ಮೇಲೆ. ದಕ್ಷಿಣ ಭಾರತದ ‘ಒಡಾಂಟೋಲೇಬಿಸ್ ಬರ್ಮೈಸ್ಟರಿ’ಗೆ 1841ರಲ್ಲಿ ಹೆಸರಿಟ್ಟವರು ಇಂಗ್ಲೆಂಡಿನ ಪಾದ್ರಿ ಫ್ರೆಡರಿಕ್ ವಿಲಿಯಂ ಹೋಪ್, ಆ ಗೌರವ ಸಂದದ್ದು ಜರ್ಮನಿಯ ಕೀಟತಜ್ಞ ಬರ್ಮೈಸ್ಟರ್‌ಗೆ. ಹೋಪರ ಸಂಗ್ರಹ 1849ರಲ್ಲಿ ಆಕ್ಸ್‌ಫರ್ಡ್ ಸೇರಿತು. ಚದುರಿದ್ದ ಭಾರತದ ಜಾತಿಗಳನ್ನೆಲ್ಲ ಒಂದೇ ಸಂಪುಟಕ್ಕೆ ತಂದವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಗಿಲ್ಬರ್ಟ್ ಆ್ಯರೋ. 1948ರಲ್ಲಿ ಅವರು ತೀರಿಕೊಂಡ ಮೇಲೆ ಅದು ಅಚ್ಚಾಯಿತು.

ಇಂಥ ಕೆಲಸದಲ್ಲಿ ಪುಸ್ತಕಕ್ಕಿಂತ ಸೂಜಿಗೆ ಚುಚ್ಚಿದ ಹುಳದ ಮಾತೇ ಅಂತಿಮ. ಹೆಸರಿಡುವಾಗ ಎದುರಿಗಿದ್ದ ಆ ಒಂದು ಮಾದರಿಯೇ ಹೆಸರಿನ ಗೂಟ. ಅದಕ್ಕೆ ಕೆಂಪು ಚೀಟಿ ಕಟ್ಟುವ ರೂಢಿ. ಎರಡು ಹೆಸರು ಒಂದೇ ಹುಳದ್ದೆಂದು ತಿಳಿದರೆ ಸಾಮಾನ್ಯವಾಗಿ ಮೊದಲು ಅಚ್ಚಾದದ್ದು ಉಳಿಯುತ್ತದೆ, ಅದು ಎಷ್ಟೇ ಪೆದ್ದು ಹೆಸರಾಗಿರಲಿ.

ಸೂಜಿ ಬಲಗಡೆಯ ರೆಕ್ಕೆಚಿಪ್ಪಿನ ಮೂಲಕ ಇಳಿದು ಕೆಳಗೆ ಬೆರಳ ಉಗುರಿನಷ್ಟು ಚೀಟಿಗಳನ್ನು ಹಿಡಿದಿರುತ್ತದೆ. ಅದರಲ್ಲಿ ‘ಕೆನರಾ’ ಎಂದಷ್ಟೇ ಇದ್ದರೆ ಕಥೆ ಮುಗಿದಂತೆ. ಒಂದೇ ಆಗಿದ್ದ ಕೆನರಾ ಜಿಲ್ಲೆ ಎರಡು ಹೋಳಾಗಿ, 1862ರಲ್ಲಿ ಉತ್ತರದ ಪಾಲು ಮದ್ರಾಸು ಬಿಟ್ಟು ಮುಂಬೈ ಪ್ರಾಂತ್ಯಕ್ಕೆ ಸೇರಿತು. ಅದಕ್ಕೂ ಹಿಂದಿನ ಹುಳ ಮಂಗಳೂರಿನದೋ ಕಾರವಾರದ್ದೋ? ಕಡಲ ದಂಡೆಯದೋ, ಘಟ್ಟದ ಮೇಲಿನದೋ? ಚೀಟಿ ಹರಕಾದರೂ ತೆಗೆದು ಬಿಸಾಡುವಂತಿಲ್ಲ. ತಿದ್ದುಪಡಿ ಬೇಕಾದರೆ ಅದರ ಕೆಳಗೆ ಇನ್ನೊಂದು ಚೀಟಿ ಸೇರಿಸಬೇಕು. ಜಾಗ ಗುರುತಿಸುವುದರಲ್ಲಿ ನಮ್ಮ ಜಿಲ್ಲೆಯ ಚಿಟ್ಟೆಗಳ ಅದೃಷ್ಟ ದೊಡ್ಡದು: ಡೇವಿಡ್ಸನ್, ಬೆಲ್, ಏಟ್ಕೆನ್ ಎಂಬ ಮೂವರು ಅಧಿಕಾರಿಗಳು ಇಲ್ಲೇ ನೌಕರಿ ಮಾಡುತ್ತ ಮರಿಹುಳ ಸಾಕಿ, 1896ರಿಂದ ಮುಂಬೈನ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಬರೆದರು. ಅರಣ್ಯ ಇಲಾಖೆಯ ಬೆಲ್ ನಿವೃತ್ತರಾದ ಮೇಲೂ ಕಾರವಾರ ಬಿಡಲಿಲ್ಲ. ಕೊಂಬಿನ ಹುಳಕ್ಕೆ ಅಂಥ ಮೂವರು ಸಿಗಲಿಲ್ಲ ಎಂಬುದು ನನ್ನ ಕೊರಗು.

ಈಗ ಹಳೆಯ ಮಾದರಿಯ ಒಂದು ಕಾಲು ತೆಗೆದು ಡಿಎನ್‌ಎ ನೋಡುತ್ತಾರೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಜಾತಿ ಕಂಡವರು ಅದರ ಮಾದರಿಯನ್ನು ಗೊತ್ತುಪಡಿಸಿದ ಸಂಸ್ಥೆಗೆ ಒಪ್ಪಿಸಬೇಕು. ಪ್ರಾಣಿಗಳಿಗೆ ಅಂಥ ಒಂದು ಸಂಸ್ಥೆ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ. ಡಿಎನ್‌ಎ ಬಂದರೂ ಜಾತಿ ಗುರುತಿಸಲು ಮೊದಲು ನೆಚ್ಚುವುದು ಗಂಡಿನ ಜನನಾಂಗವನ್ನೇ. ಕೊಂಬು ಎಷ್ಟೇ ವೇಷ ಹಾಕಲಿ, ಜನನಾಂಗದ ಆಕಾರ ಅಷ್ಟಾಗಿ ಬದಲಾಗದು. ಹೊಟ್ಟೆ ಬಿಡಿಸಿ ತೆಗೆದು, ಕಾರ್ಡಿಗೆ ಅಂಟಿಸಿ ಅದೇ ಸೂಜಿಗೆ ಪೋಣಿಸುತ್ತಾರೆ.

ಜಗುಲಿಯ ಹುಳ ಮೂರನೇ ದಿನ ಮೆಟ್ಟಿಲ ಬಳಿ ಸತ್ತು ಬಿದ್ದಿತ್ತು. ಊರು, ತಾರೀಕು ಬರೆದ ಚೀಟಿ ಹಿಡಿದು ಹೋದೆ. ಇರುವೆಗಳು ಕೊಂಬು, ತಲೆ, ಚಿಪ್ಪು ಎಲ್ಲ ಬಿಟ್ಟು ಹೊಟ್ಟೆಯನ್ನಷ್ಟೇ ಖಾಲಿ ಮಾಡಿದ್ದವು.