ಗೆಡ್ಡೆ ತೆಗೆದ ಮೇಲಿನ ಮಾತ್ರೆ: ಶ್ವಾಸಕೋಶ ಕ್ಯಾನ್ಸರ್ ಚಿಕಿತ್ಸೆ ಸಾಗಿಬಂದ ದಾರಿ

ಶ್ವಾಸಕೋಶದ ಕ್ಯಾನ್ಸರನ್ನು ಆರಂಭದ ಹಂತದಲ್ಲೇ ಗುರುತಿಸಿ ಗೆಡ್ಡೆಯನ್ನು ಪೂರ್ತಿಯಾಗಿ ತೆಗೆದರೂ ಅದು ಮರುಕಳಿಸುವ ಆತಂಕ ತಪ್ಪುವುದಿಲ್ಲ. ಸ್ಕ್ಯಾನಿಗೆ ಕಾಣದಷ್ಟು ಸೂಕ್ಷ್ಮವಾಗಿ ರೋಗದ ಕೋಶಗಳು ಅಷ್ಟರಲ್ಲೇ ಬೇರೆಡೆಗೆ ಹರಡಿರಬಹುದು. ಅದಕ್ಕಾಗಿ ಶಸ್ತ್ರಚಿಕಿತ್ಸೆಯ ನಂತರ ಸಿಸ್‌ಪ್ಲಾಟಿನ್ ಎಂಬ ಔಷಧ ಆಧಾರಿತ ಕಿಮೊಥೆರಪಿ ಕೊಡುವುದು ರೂಢಿಗೆ ಬಂತು. ಆದರೆ ಐದು ದೊಡ್ಡ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಅದರಿಂದ ಐದು ವರ್ಷ ಬದುಕುಳಿಯುವವರ ಪ್ರಮಾಣದಲ್ಲಿ ಆದ ಏರಿಕೆ ಶೇಕಡಾವಾರು 5.4 ಅಂಶ ಮಾತ್ರ.

ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ ಆಗುವ ಬದಲಾವಣೆಯೇ ಕೆಲವರ ಗೆಡ್ಡೆಗಳು ಜೆಫಿಟಿನಿಬ್ ಮಾತ್ರೆಗೆ ಕರಗಲು ಕಾರಣವೆಂದು 2004ರಲ್ಲಿ ತಿಳಿಯಿತು. ಅಷ್ಟು ಹೊತ್ತಿಗಾಗಲೇ ಶುರುವಾಗಿದ್ದ ಕೆನಡಾ ನೇತೃತ್ವದ ಪ್ರಯೋಗವು ಗೆಡ್ಡೆಯಲ್ಲಿ ಆ ಬದಲಾವಣೆ ಇದೆಯೋ ಇಲ್ಲವೋ ಎಂದು ಆಯ್ದುಕೊಳ್ಳದೆ ಶಸ್ತ್ರಚಿಕಿತ್ಸೆಯಾದವರಿಗೆ ಮಾತ್ರೆ ನೀಡಿತ್ತು. 2013ರಲ್ಲಿ ಫಲಿತಾಂಶ ಬಂದಾಗ ಯಾವ ಪ್ರಯೋಜನವೂ ಕಾಣಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಮುಖ್ಯ ಪಾಠ ಅಡಗಿರುವುದು ಇಲ್ಲಿಯೇ: ಔಷಧಕ್ಕಿಂತ ಮೊದಲು ಸರಿಯಾಗಬೇಕಾದದ್ದು ಪರೀಕ್ಷೆ. ಚೀನಾದ ವೈದ್ಯರು ಬದಲಾವಣೆ ಇದ್ದವರನ್ನಷ್ಟೇ ಆರಿಸಿ ಜೆಫಿಟಿನಿಬ್ ಕೊಟ್ಟಾಗ ರೋಗ ಮರಳುವುದು ತಡವಾಯಿತಾದರೂ ಒಟ್ಟು ಆಯುಸ್ಸಿನಲ್ಲಿ ಖಚಿತವಾದ ವ್ಯತ್ಯಾಸ ಕಾಣಿಸಲಿಲ್ಲ.

ಚಿತ್ರ ಬದಲಾದದ್ದು ಅದೇ ಇಜಿಎಫ್‌ಆರ್ ಬದಲಾವಣೆ ಇರುವವರಿಗೆಂದೇ ಇರುವ ಮತ್ತೊಂದು ಮಾತ್ರೆ ಒಸಿಮೆರ್ಟಿನಿಬ್‌ನಿಂದ. 682 ರೋಗಿಗಳ ಅಡೋರಾ ಪ್ರಯೋಗದಲ್ಲಿ ದಿನಕ್ಕೊಂದು ಮಾತ್ರೆಯಂತೆ ಮೂರು ವರ್ಷ ಕೊಡಲಾಯಿತು. ಐದು ವರ್ಷದ ನಂತರ ಮಾತ್ರೆ ಪಡೆದವರಲ್ಲಿ ಶೇ 88, ಪಡೆಯದವರಲ್ಲಿ ಶೇ 78 ಮಂದಿ ಬದುಕಿದ್ದರೆಂದು 2023ರಲ್ಲಿ ವರದಿಯಾಯಿತು. ಎಎಲ್‌ಕೆ ಎಂಬ ಇನ್ನೊಂದು ಜೀನ್‌ನಲ್ಲಿ ಬದಲಾವಣೆ ಇರುವವರಿಗೆ ಶಸ್ತ್ರಚಿಕಿತ್ಸೆಯ ನಂತರವೂ ಅಲೆಕ್ಟಿನಿಬ್ ಎಂಬ ಔಷಧ ಬಳಸಲು ಅಮೆರಿಕ 2024ರಲ್ಲಿ ಅನುಮತಿ ನೀಡಿತು. ಅದೇ ವರ್ಷದ ಜುಲೈ ಬಜೆಟ್‌ನಲ್ಲಿ ಭಾರತ ಒಸಿಮೆರ್ಟಿನಿಬ್ ಮೇಲಿನ ಆಮದು ಸುಂಕ ತೆಗೆದುಹಾಕಿತು. ಆದರೂ ಮೂರು ವರ್ಷದ ಖರ್ಚು ಸಣ್ಣ ಅಡಿಕೆ ಬೆಳೆಗಾರನ ಕುಟುಂಬಕ್ಕೆ ಭಾರವೇ.

ಇಜಿಎಫ್‌ಆರ್ ಬದಲಾವಣೆ ಧೂಮಪಾನ ಮಾಡದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಆದ್ದರಿಂದ ಬೀಡಿ ಸಿಗರೇಟು ಮುಟ್ಟದ ತೀರ್ಥಹಳ್ಳಿಯ ಗೃಹಿಣಿಗೆ ಈ ರೋಗ ಬಂದಾಗ ಜೀನ್ ಪರೀಕ್ಷೆಯನ್ನು ಕೈಬಿಡುವಂತಿಲ್ಲ. ಸಾಗರ, ಹೊಸನಗರ ಕಡೆಯವರು ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮುಂದಿನ ತಪಾಸಣೆಗೆ ಶಿವಮೊಗ್ಗಕ್ಕೆ ಬಂದರೆ, ಮೇಣದಲ್ಲಿ ಹುದುಗಿಸಿಟ್ಟ ಗೆಡ್ಡೆಯ ತುಣುಕು ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯಲ್ಲೇ ಉಳಿದಿರುತ್ತದೆ. ಪರೀಕ್ಷೆಗೆ ಬೇಕಾದದ್ದು ಅದೇ ತುಣುಕು. ಅಡೋರಾ ಪ್ರಯೋಗಕ್ಕೆ ಸೇರಲು ಶಸ್ತ್ರಚಿಕಿತ್ಸೆಯಾಗಿ 10 ವಾರ, ನಡುವೆ ಕಿಮೊ ಪಡೆದಿದ್ದರೆ 26 ವಾರದ ಮಿತಿಯಿತ್ತು; ಊರಿಗೆ ಹೊರಡುವ ಮೊದಲೇ ಆ ತುಣುಕಿನ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿದರೆ ವಾರಗಳು ಉಳಿಯುತ್ತವೆ.