ಡಚ್ ಊರುಗಳ ಹೆಸರಲ್ಲಿ ಇಷ್ಟೊಂದು ‘ಡ್ಯಾಮ್’ ಯಾಕೆ?

ಆಮ್‌ಸ್ಟರ್‌ಡ್ಯಾಮ್‌ನ ಕೊನೆಯಲ್ಲಿರುವ ‘ಡ್ಯಾಮ್’ ನಮಗೆಲ್ಲ ಗೊತ್ತಿರುವ ಡ್ಯಾಮೇ. ಆಮ್‌ಸ್ಟೆಲ್ ನದಿಗೆ ಹಾಕಿದ ಒಡ್ಡು. ರಾಟರ್‌ಡ್ಯಾಮ್ ಅಂದರೆ ರಾಟ್ಟೆ ನದಿಯ ಒಡ್ಡು. ಚೀಸ್‌ಗೆ ಹೆಸರಾದ ಎಡಾಮ್ ಕೂಡ ಇದೇ ಸಾಲಿನದು.

ನೆದರ್‌ಲ್ಯಾಂಡ್ಸ್‌ನ ಕರಾವಳಿಯ ನೆಲ ಬಹುಪಾಲು ಜೌಗು, ಕೊಳೆತ ಗಿಡಗಂಟಿಯಿಂದಾದ, ನೀರು ಕುಡಿದ ಸ್ಪಂಜಿನಂಥ ಮಣ್ಣು. ಸುಮಾರು ಸಾವಿರ ವರ್ಷದ ಹಿಂದೆ ಬೇಸಾಯಕ್ಕೆಂದು ಕಾಲುವೆ ತೋಡಿ ಅದರ ನೀರನ್ನು ಬಸಿದರು. ನೀರು ಹೋದಂತೆ ನೆಲ ಕುಗ್ಗಿ ಕೆಳಗಿಳಿಯಿತು, ಸಮುದ್ರದ ನೀರು ನದಿಗಳ ಬಾಯಿಂದ ಒಳಗೆ ನುಗ್ಗತೊಡಗಿತು. ಆಗ, 13ನೇ ಶತಮಾನದಲ್ಲಿ, ನದಿಗೇ ಅಡ್ಡ ಒಡ್ಡು ಕಟ್ಟಿ ತೂಬು ಇಟ್ಟರು. ಸಮುದ್ರದ ಹಡಗು ಒಡ್ಡು ದಾಟಲಾರದು, ಸರಕನ್ನು ಅಲ್ಲೇ ಇಳಿಸಿ ಆಚೆಯ ದೋಣಿಗೆ ಹೇರಬೇಕು. ಹೊರುವವರು, ಕೊಳ್ಳುವವರು, ದಲ್ಲಾಳಿಗಳು ಎಲ್ಲ ಸೇರಿ ಸಂತೆಯಾಯಿತು, ಸಂತೆ ಬೆಳೆದು ಊರಾಯಿತು. 1275ರಲ್ಲಿ ಆ ಭಾಗವನ್ನು ಆಳುತ್ತಿದ್ದ ಕೌಂಟ್ ಐದನೇ ಫ್ಲೋರಿಸ್ ಕೊಟ್ಟ ಸುಂಕ ವಿನಾಯಿತಿ ಪತ್ರದಲ್ಲಿ ಇರೋದು ‘ಆಮ್‌ಸ್ಟೆಲ್ ಒಡ್ಡಿನ ಬಳಿ ವಾಸಿಸುವ ಜನ’ ಅನ್ನೋ ಮಾತಷ್ಟೇ. ಈಗ ಪ್ರವಾಸಿಗರು ಸೆಲ್ಫಿ ತೆಗೆಯುವ ಡಾಮ್ ಚೌಕ ಇದೆಯಲ್ಲ, ಒಡ್ಡು ಇದ್ದದ್ದು ಅಲ್ಲೇ!

ಎಲ್ಲ ಹೆಸರೂ ನೀರಿನದಲ್ಲ. ಡೆನ್ ಬಾಸ್ ಎಂಬ ಊರಿನ ಪೂರ್ತಿ ಹೆಸರಿಗೆ ‘ಡ್ಯೂಕನ ಕಾಡು’ ಅಂತ ಅರ್ಥ. ಹೇಗ್ ನಗರದ ಹಳೇ ಹೆಸರಿಗೆ ‘ಕೌಂಟನ ಬೇಲಿಯೊಳಗಿನ ಕಾಡು’ ಅಂತ. ಮಾಸ್ಟ್ರಿಕ್ಟ್ ಮತ್ತು ಯುಟ್ರೆಕ್ಟ್‌ಗಳ ಬಾಲ ರೋಮನ್ನರು ಬಿಟ್ಟುಹೋದದ್ದು, ನದಿ ದಾಟುವ ಜಾಗ ಅನ್ನೋ ಅರ್ಥದ ಲ್ಯಾಟಿನ್ ಮಾತು ಸವೆದು ಹಾಗಾಗಿದೆ. ಹಾಲೆಂಡ್ ಅಂದರೆ ತಗ್ಗು ನೆಲ ಅಂತ ಸುಮಾರು ಜನ ತಿಳಿದಿದ್ದಾರೆ, ಆದರೆ ಆ ಅರ್ಥ ಇರೋದು ನೆದರ್‌ಲ್ಯಾಂಡ್ಸ್ ಅನ್ನೋ ಹೆಸರಿಗೆ. ಹಾಲೆಂಡ್ ‘ಹೋಲ್ಟ್‌ಲ್ಯಾಂಡ್’ನಿಂದ ಬಂದದ್ದು, ಅಂದರೆ ಮರಗಳ ನಾಡು. ಈಗ ಅಲ್ಲಿ ಹೋಗಿ ಕಾಡು ಹುಡುಕಿದರೆ ಸಿಗೋದು ಕಷ್ಟ.

ನನಗೆ ಜಾಸ್ತಿ ಇಷ್ಟವಾದದ್ದು ಹಾರ್ಲೆಮ್ಮರ್‌ಮೇರ್. ‘ಮೇರ್’ ಅಂದರೆ ಸರೋವರ, ಆದರೆ ಅಲ್ಲಿ ಸರೋವರವೇ ಇಲ್ಲ. 1849ರಿಂದ 1852ರವರೆಗೆ ಉಗಿಯಂತ್ರದ ಪಂಪುಗಳನ್ನಿಟ್ಟು ಅದನ್ನು ಪೂರ್ತಿ ಬತ್ತಿಸಿದರು. ಸ್ಕಿಪೊಲ್ ವಿಮಾನ ನಿಲ್ದಾಣ ಇರೋದು ಅದರ ತಳದ ಮೇಲೆ, ಸಮುದ್ರ ಮಟ್ಟಕ್ಕಿಂತ 3-4 ಮೀಟರ್ ಕೆಳಗೆ.

ಆಲ್ಮೇರ್‌ನದು ಇದಕ್ಕೆ ಉಲ್ಟಾ ಕಥೆ. ಸಮುದ್ರದಿಂದ ಗೆದ್ದುಕೊಂಡ ನೆಲದಲ್ಲಿ ಊರು ಕಟ್ಟಿ, 1976ರಲ್ಲಿ ಮೊದಲ ಜನ ಬಂದಾಗ ಹೆಸರೂ ಸಿದ್ಧವಿತ್ತು. ಮಧ್ಯಯುಗದಲ್ಲಿ ಅದೇ ಜಾಗದಲ್ಲಿದ್ದ ಸರೋವರದ್ದು. ಪಕ್ಕದ ಲೆಲಿಸ್ಟಾಡ್‌ಗೆ ಮಾತ್ರ, ಆ ಸಮುದ್ರಕ್ಕೆ ಒಡ್ಡು ಹಾಕುವ ಯೋಜನೆ ಮಾಡಿದ ಎಂಜಿನಿಯರ್ ಕಾರ್ನೆಲಿಸ್ ಲೆಲಿಯ ಹೆಸರಿಟ್ಟರು.